ಓದೋ ಛಲ ಎಲ್ಲಿಂದ ಬರುತ್ತದೆ? ಬೆಳಗಾವಿಯ ನೂರು ವರ್ಷ ಹೇಳುವುದೇನು

ಡಿಗ್ರಿ ಮೊದಲ ಸೆಮಿಸ್ಟರ್ ಫಲಿತಾಂಶ ಬಂದ ವಾರ ಖಾನಾಪುರ ತಾಲೂಕಿನ ಯಾವ ಊರಿಗೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ: ‘ಅವಂಗ ಓದೋ ಮನಸ್ಸ ಇಲ್ರೀ.’ ಮಗನ ಬಗ್ಗೆ ಅಪ್ಪ ಹೀಗೆ ಹೇಳುತ್ತಾನೆ. ವಿದ್ಯಾರ್ಥಿಯ ಬಗ್ಗೆ ಮಾಸ್ತರರು ಹೇಳುತ್ತಾರೆ. ನಾಲ್ಕು ಸಲ ಕೇಳಿಸಿಕೊಂಡ ಹುಡುಗ ತಾನೂ ಅದನ್ನೇ ಹೇಳತೊಡಗುತ್ತಾನೆ. ಎರಡು ವಿಷಯ ಬ್ಯಾಕ್ ಉಳಿದವ ಮುಂದಿನ ಸೆಮಿಸ್ಟರ್‌ನಲ್ಲಿ ನಾಲ್ಕು ಉಳಿಸಿಕೊಳ್ಳುತ್ತಾನೆ. ಆಮೇಲೆ ಗೋವಾದ ಬಸ್ ಹತ್ತುತ್ತಾನೆ, ಇಲ್ಲವೇ ಬೆಳಗಾವಿಯ ಉದ್ಯಮಬಾಗದಲ್ಲಿ ಕೆಲಸ ಹುಡುಕುತ್ತಾನೆ.

ಹಾಗಾದರೆ ಓದುವ ಮನಸ್ಸು ಎಂಬುದು ಹುಟ್ಟುತ್ತಲೇ ಬರುವುದೇ? ಕೆಲವರಿಗೆ ಇದ್ದು, ಕೆಲವರಿಗೆ ಇಲ್ಲದಿರುವುದೇ? ಮನಸ್ಸು ಇದ್ದರೆ ಅಂಕ ತಾನಾಗಿ ಬರುತ್ತದೆಯೇ? ಈ ಪ್ರಶ್ನೆಗಳಿಗೆ ಮನಃಶಾಸ್ತ್ರದವರು ಉತ್ತರ ಹುಡುಕಿದ್ದಾರೆ, ಅದನ್ನು ಮುಂದೆ ನೋಡೋಣ. ಆದರೆ ನಮ್ಮ ಜಿಲ್ಲೆಯ ಇತಿಹಾಸದಲ್ಲೇ ಒಂದು ಉತ್ತರ ಬಿದ್ದಿದೆ. ನೂರು ವರ್ಷದ ಹಿಂದೆ ಇಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಹೇಗೆ ಹತ್ತಿದರು, ಯಾರು ಕೈ ಹಿಡಿದರು ಎಂಬುದನ್ನು ನೋಡಿದರೆ ‘ಛಲ’ ಎಂಬ ಮಾತಿನ ಅರ್ಥವೇ ಬೇರೆಯಾಗಿ ಕಾಣುತ್ತದೆ.

ಆಗ ಕಾಲೇಜು ಎಂದರೆ ಪುಣೆ

ಬೆಳಗಾವಿಗೆ ಇಂಗ್ಲಿಷ್ ಶಿಕ್ಷಣ ಬಂದದ್ದು ಬೇಗ. ಲಂಡನ್ ಮಿಷನ್ ಸೊಸೈಟಿಯವರು 1832ರಲ್ಲಿ ಇಲ್ಲಿ ಇಂಗ್ಲಿಷ್ ಶಾಲೆ ತೆರೆದರು. ಅದೇ ಮುಂದೆ ಬೆನನ್ ಸ್ಮಿತ್ ಹೈಸ್ಕೂಲು ಆಯಿತು. 1857ರಲ್ಲಿ ಮುಂಬೈ ವಿಶ್ವವಿದ್ಯಾಲಯ ಹುಟ್ಟಿತು. ಬೆಳಗಾವಿ ಆಗ ಮುಂಬೈ ಪ್ರಾಂತದ ಜಿಲ್ಲೆ. ಹಾಗಾಗಿ ಇಲ್ಲಿಯ ಹುಡುಗ ಮ್ಯಾಟ್ರಿಕ್ ಪಾಸಾದರೆ ಮುಂದಿನ ದಾರಿ ಪುಣೆಯ ಡೆಕ್ಕನ್ ಕಾಲೇಜು ಅಥವಾ 1885ರಲ್ಲಿ ಶುರುವಾದ ಫರ್ಗ್ಯುಸನ್ ಕಾಲೇಜು. ಇಲ್ಲವೇ ಕೊಲ್ಹಾಪುರದ ರಾಜಾರಾಮ ಕಾಲೇಜು, ಅದೂ ಆಗದಿದ್ದರೆ ಮುಂಬೈ.

1880ರ ದಶಕದ ಕೊನೆಗೆ ಲೋಂಡಾ, ಖಾನಾಪುರ, ಬೆಳಗಾವಿ ಮೇಲೆ ಮೀರಜಿನ ಕಡೆಗೆ ರೈಲು ಬಂತು. ಪುಣೆ ಮುಟ್ಟುವುದು ಸುಲಭವಾಯಿತು. ಆದರೆ ಪುಣೆಯಲ್ಲಿ ಉಳಿದು ಉಣ್ಣುವುದು ಸುಲಭವಾಗಲಿಲ್ಲ. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಪದ್ಧತಿ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಏಳು ಮನೆ ಗೊತ್ತುಮಾಡಿಕೊಂಡರೆ ವಾರ ಕಳೆಯಿತು. ಅದರಲ್ಲೂ ಅವಮಾನ ಇತ್ತು, ಹಸಿವೂ ಇತ್ತು. ಆದರೂ ಅದು ಒಂದು ಆಸರೆ.

ಒಕ್ಕಲಿಗನ ಮಗನಿಗೆ, ಕುರುಬರ ಮಗನಿಗೆ, ನೇಕಾರನ ಮಗನಿಗೆ ಆ ಏಳು ಮನೆಗಳೂ ಇರಲಿಲ್ಲ. ದಲಿತರ ಮಗನಿಗೆ ಶಾಲೆಯ ಒಳಗೆ ಕೂಡಲು ಜಾಗ ಸಿಗುವುದೇ ದೊಡ್ಡ ಮಾತಾಗಿತ್ತು. ಹೆಣ್ಣುಮಕ್ಕಳ ಕಾಲೇಜಿನ ಮಾತನ್ನು ಹಳ್ಳಿಯಲ್ಲಿ ಎತ್ತುವವರೇ ವಿರಳ. ಇವರೆಲ್ಲರಿಗೂ ಓದುವ ಮನಸ್ಸು ಇರಲಿಲ್ಲ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ?

ಕನ್ನಡ ನಾಡಿನ ಈ ಭಾಗಕ್ಕೆ ಒಂದು ಕಾಲೇಜು ಬೇಕು ಎಂದು ಅರಟಾಳ ರುದ್ರಗೌಡರು ಮತ್ತು ರೊದ್ದ ಶ್ರೀನಿವಾಸರಾಯರು ಊರೂರು ತಿರುಗಿ ಹಣ ಕೂಡಿಸಿದರು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. ಮುಂಬೈ ವಿಶ್ವವಿದ್ಯಾಲಯ ಹುಟ್ಟಿ ಬರೋಬ್ಬರಿ 60 ವರ್ಷಗಳ ನಂತರ ನಮ್ಮ ಭಾಗಕ್ಕೆ ಕಾಲೇಜು ಬಂತು.

ಶಾಲೆ ಕಟ್ಟಿದ ಮಾಸ್ತರರು

ಅದಕ್ಕೂ ಒಂದು ವರ್ಷ ಮೊದಲು, 1916ರ ನವೆಂಬರ್ 13ರಂದು, ಬೆಳಗಾವಿಯಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆ ಬಾಗಿಲು ತೆರೆಯಿತು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ನಾವೆಲ್ಲ ಕೆಎಲ್‌ಇ ಎನ್ನುವ ಸಂಸ್ಥೆ, ಹುಟ್ಟಿದ್ದು ಹೀಗೆ. ಕಟ್ಟಿದವರನ್ನು ‘ಸಪ್ತರ್ಷಿಗಳು’ ಎಂದು ಇಂದಿಗೂ ಕರೆಯುತ್ತಾರೆ. ಅವರಲ್ಲಿ ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ ಇದ್ದರು.

ಇವರು ಡಿಗ್ರಿ ಮುಗಿಸಿದವರು. ಆ ಕಾಲದಲ್ಲಿ ಡಿಗ್ರಿ ಇದ್ದವರಿಗೆ ಸರಕಾರಿ ನೌಕರಿ ಕಾದು ಕೂತಿರುತ್ತಿತ್ತು. ಅದನ್ನು ಬಿಟ್ಟು ಕಡಿಮೆ ಸಂಬಳಕ್ಕೆ ಮಾಸ್ತರಿಕೆ ಹಿಡಿದರು. ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿಯಲ್ಲಿ ಆಜೀವ ಸದಸ್ಯರ ಪದ್ಧತಿ ಇತ್ತು. ಕಲಿತವರು ಕಡಿಮೆ ಸಂಬಳ ತೆಗೆದುಕೊಂಡು ಸಂಸ್ಥೆಗೇ ವರ್ಷಗಟ್ಟಲೆ ದುಡಿಯುವುದು. ಇವರೂ ಅದೇ ದಾರಿ ಹಿಡಿದರು.

ಇದರಲ್ಲಿ ಒಂದು ಮಾತು ಗಮನಿಸಬೇಕು. ನಮ್ಮ ಸಮಾಜದ ಮಕ್ಕಳಿಗೆ ಓದುವ ಮನಸ್ಸಿಲ್ಲ ಎಂಬ ಮಾತು ಅವರ ಕಾಲದಲ್ಲೂ ಇತ್ತು. ಹೊಲ ಇದೆ, ಅಂಗಡಿ ಇದೆ, ಇವರಿಗೇಕೆ ಇಂಗ್ಲಿಷು ಎನ್ನುವವರು ಇದ್ದರು. ಅವರು ಭಾಷಣ ಮಾಡಿ ಮನಸ್ಸು ತಿದ್ದಲು ಹೋಗಲಿಲ್ಲ. ಶಾಲೆ ತೆರೆದರು. ತಮ್ಮಂಥದೇ ಮನೆಯಿಂದ ಬಂದ ಮಾಸ್ತರರು, ತಮ್ಮದೇ ಮಾತು ಆಡುವವರು, ಕರಿಹಲಗೆಯ ಮುಂದೆ ನಿಂತಾಗ ಹಳ್ಳಿಯ ಹುಡುಗನಿಗೆ ಏನನ್ನಿಸಿರಬೇಕು? ‘ಇವರಿಗೆ ಆಗಿದ್ದು ನನಗೂ ಆದೀತು.’ ಆ ಒಂದು ಅನ್ನಿಸಿಕೆಯ ಸುತ್ತಲೇ ಈ ಇಡೀ ಕಥೆ ತಿರುಗುತ್ತದೆ.

1933ರಲ್ಲಿ ಬೆಳಗಾವಿಯಲ್ಲಿ ಲಿಂಗರಾಜ ಕಾಲೇಜು ಶುರುವಾಯಿತು. ಹೆಸರು ಸಿರಸಂಗಿಯ ಲಿಂಗರಾಜ ದೇಸಾಯಿಯವರದು. 1861ರಲ್ಲಿ ಹುಟ್ಟಿದ ಅವರು 1906ರಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ತಮ್ಮ ಸಂಸ್ಥಾನದ ಆಸ್ತಿಯನ್ನು ಬಡ ಮಕ್ಕಳ ಓದಿಗೆ ಉಯಿಲು ಬರೆದಿಟ್ಟರು. ಆ ಟ್ರಸ್ಟಿನ ನೆರವಿನಿಂದ ಓದಿದವರು ಈ ಭಾಗದಲ್ಲಿ ಎಷ್ಟೋ ಮಂದಿ.

ಅನ್ನದ ಪಂಕ್ತಿ

ಶಾಲೆ ಬಂತು, ಕಾಲೇಜು ಬಂತು. ಹಳ್ಳಿಯ ಹುಡುಗ ಎಲ್ಲಿ ಇರಬೇಕು, ಏನು ಉಣ್ಣಬೇಕು? ಇದಕ್ಕೆ ಮೊದಲು ಉತ್ತರ ಕೊಟ್ಟದ್ದು ನಮ್ಮ ನೆರೆಯ ಕೊಲ್ಹಾಪುರ. ಶಾಹು ಮಹಾರಾಜರು 1901ರಲ್ಲಿ ಮರಾಠಾ ವಿದ್ಯಾರ್ಥಿಗಳಿಗೆ ಬೋರ್ಡಿಂಗ್ ಶುರುಮಾಡಿಸಿದರು. ಆಮೇಲೆ ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ, ಹೀಗೆ ಒಂದೊಂದು ಸಮಾಜಕ್ಕೆ ಒಂದೊಂದು ಬೋರ್ಡಿಂಗ್ ಎದ್ದವು.

ಧಾರವಾಡದಲ್ಲಿ ಮುರುಘಾಮಠದ ಮೃತ್ಯುಂಜಯ ಅಪ್ಪಗಳು 1917ರಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಕರ್ನಾಟಕ ಕಾಲೇಜು ತೆರೆದ ವರ್ಷವೇ ಅದು. ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು 1932ರಲ್ಲಿ ಪ್ರಸಾದ ನಿಲಯ ಶುರುಮಾಡಿದರು. ಮರು ವರ್ಷವೇ ಲಿಂಗರಾಜ ಕಾಲೇಜು ಬಂತು. ಎರಡೂ ಊರಲ್ಲಿ ಕಾಲೇಜು ಮತ್ತು ಅನ್ನ ಜೋಡಿಯಾಗಿ ಬಂದವು. ಹಳ್ಳಿ ಹಳ್ಳಿಯಿಂದ ಜೋಳ, ಬೇಳೆ ಕಾಣಿಕೆಯಾಗಿ ಬಂದು ಆ ಒಲೆ ಉರಿಯಿತು. ಓದುವ ಹುಡುಗ ಯಾರ ಮನೆಯವನೋ ಗೊತ್ತಿಲ್ಲದ ರೈತ ಅವನ ರೊಟ್ಟಿಗೆ ಜೋಳ ಕೊಟ್ಟ.

ಈ ಬೋರ್ಡಿಂಗುಗಳ ಹೆಚ್ಚಿನವು ಒಂದೊಂದು ಸಮಾಜದ ಹೆಸರಿನಲ್ಲಿ ನಡೆದವು. ಯಾವ ಸಮಾಜಕ್ಕೆ ಮಠ, ಸಂಸ್ಥಾನ, ಶ್ರೀಮಂತರ ಬೆಂಬಲ ಇತ್ತೋ ಆ ಸಮಾಜದ ಮಕ್ಕಳು ಮೊದಲು ಮೇಲೆ ಬಂದರು. ಬೆಂಬಲ ಇಲ್ಲದವರು ಹಿಂದೆ ಉಳಿದರು. ಮನಸ್ಸಿನ ಮಾತು ಇದಲ್ಲ, ಒಲೆಯ ಮಾತು.

ಡಾ. ಬಿ.ಆರ್. ಅಂಬೇಡ್ಕರರು ಇದನ್ನು ಚೆನ್ನಾಗಿ ಅರಿತಿದ್ದರು. 1925ರ ಏಪ್ರಿಲ್‌ನಲ್ಲಿ ಅವರು ನಮ್ಮ ಜಿಲ್ಲೆಯ ನಿಪ್ಪಾಣಿಗೆ ಬಂದು ಬಹಿಷ್ಕೃತ ವರ್ಗಗಳ ಪರಿಷತ್ತಿನಲ್ಲಿ ಮಾತನಾಡಿದರು. 1929ರಲ್ಲಿ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳಿಗೆ ವಸತಿ ನಿಲಯ ಶುರುಮಾಡಿಸಿದರು. ನಿಪ್ಪಾಣಿಯ ಬಲವಂತ ವರಾಳೆಯವರು ಆ ಕೆಲಸಕ್ಕೆ ಹೆಗಲು ಕೊಟ್ಟರು. ‘ಶಿಕ್ಷಣ ಪಡೆಯಿರಿ’ ಎಂದು ಕರೆ ಕೊಟ್ಟವರು ಬರೇ ಕರೆ ಕೊಟ್ಟು ಸುಮ್ಮನಾಗಲಿಲ್ಲ. ಮಲಗಲು ಜಾಗ, ಉಣ್ಣಲು ತಾಟು, ಓದಲು ದೀಪ, ಇವನ್ನು ಮೊದಲು ನೋಡಿದರು.

ಪ್ರಸಾದ ನಿಲಯದಲ್ಲಿ ಸಿಕ್ಕಿದ್ದು ಊಟವಷ್ಟೇ ಅಲ್ಲ

ಪಂಕ್ತಿಯಲ್ಲಿ ಕೂತಾಗ ಮೆಟ್ರಿಕ್ ಹುಡುಗನ ಎಡಕ್ಕೆ ಇಂಟರ್ ಓದುವವ, ಬಲಕ್ಕೆ ಬಿ.ಎ. ಕೊನೆ ವರ್ಷದವ. ಇಬ್ಬರೂ ಅವನಂಥದೇ ಊರಿನವರು. ಒಬ್ಬನ ಹಳೆಯ ಪುಸ್ತಕ ಇನ್ನೊಬ್ಬನಿಗೆ ಬರುತ್ತದೆ. ಗಣಿತ ತಿಳಿಯದಿದ್ದರೆ ರಾತ್ರಿ ಕೇಳಬಹುದು. ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬರುತ್ತದೆ, ಉತ್ತರ ಹೇಗೆ ಬರೆಯಬೇಕು, ಅರ್ಜಿ ಎಲ್ಲಿ ಸಿಗುತ್ತದೆ ಎಂಬುದೆಲ್ಲ ಪಾತ್ರೆ ತೊಳೆಯುವಾಗಲೇ ಗೊತ್ತಾಗಿಬಿಡುತ್ತದೆ. ಒಬ್ಬ ನಪಾಸಾದರೆ ‘ಮುಂದಿನ ಸಲ ಆಗತೈತಿ ಬಿಡೋ’ ಎನ್ನಲು ಹತ್ತು ಮಂದಿ ಇದ್ದಾರೆ. ಹಾಗೆ ನಪಾಸಾಗಿ ಮತ್ತೆ ಪಾಸಾದವನೂ ಆ ಹತ್ತರಲ್ಲೇ ಒಬ್ಬ.

ಇದನ್ನೇ ಮುಂದೆ ಮನಃಶಾಸ್ತ್ರ ಬೇರೆ ಮಾತಿನಲ್ಲಿ ಹೇಳಿತು. ಅಮೆರಿಕದ ಆಲ್ಬರ್ಟ್ ಬಂಡೂರಾ ಎಂಬ ವಿದ್ವಾಂಸರು 1977ರಲ್ಲಿ ಒಂದು ವಿಚಾರ ಮುಂದಿಟ್ಟರು. ಒಂದು ಕೆಲಸ ನನ್ನಿಂದ ಆಗುತ್ತದೆ ಎಂಬ ನಂಬಿಕೆ ಇದ್ದರೆ ಮನುಷ್ಯ ಕೈ ಹಚ್ಚುತ್ತಾನೆ, ಅಡ್ಡಿ ಬಂದರೂ ಬಿಡುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಆಸೆ ಇದ್ದರೂ ಶುರುಮಾಡುವುದಿಲ್ಲ. ಆ ನಂಬಿಕೆ ನಾಲ್ಕು ಕಡೆಯಿಂದ ಬರುತ್ತದೆ ಎಂದರು ಅವರು.

ಒಂದು, ತಾನೇ ಮಾಡಿ ಗೆದ್ದ ಅನುಭವ. ಸಣ್ಣ ಪರೀಕ್ಷೆಯಾದರೂ ಸರಿ, ಒಮ್ಮೆ ಪಾಸಾದ ಅನುಭವ.

ಎರಡು, ತನ್ನಂಥವರು ಗೆಲ್ಲುವುದನ್ನು ಕಣ್ಣಾರೆ ಕಾಣುವುದು. ಎಲ್ಲೋ ಇರುವ ದೊಡ್ಡವರಲ್ಲ, ತನ್ನಂಥವರು.

ಮೂರು, ತಾನು ನಂಬುವ ಜನ ‘ನಿನ್ನಿಂದ ಆಗುತ್ತದೆ’ ಎಂದು ಹೇಳುವುದು.

ನಾಲ್ಕು, ಮೈಮನಸ್ಸಿನ ಸ್ಥಿತಿ. ಹಸಿವು, ಹೆದರಿಕೆ, ನಿದ್ದೆಗೇಡು ಇದ್ದರೆ ನಂಬಿಕೆ ಕುಸಿಯುತ್ತದೆ.

ಇವನ್ನು ಓದಿದಾಗ ನಮ್ಮ ಪ್ರಸಾದ ನಿಲಯದ ಪಂಕ್ತಿಯೇ ಕಣ್ಣ ಮುಂದೆ ಬರುತ್ತದೆ. ನಾಲ್ಕೂ ಅಲ್ಲಿದ್ದವು. ಸ್ವಾಮಿಗಳು ಹಸಿದವರಿಗೆ ಅನ್ನ ಹಾಕಿದರು ಎಂದಷ್ಟೇ ನಾವು ಹೇಳುತ್ತೇವೆ. ನಮ್ಮ ಎಣಿಕೆಯಲ್ಲಿ ಅವರು ಅದಕ್ಕಿಂತ ದೊಡ್ಡದನ್ನು ಕೊಟ್ಟರು. ನಮ್ಮಂಥವರಿಗೂ ಇದು ಆಗುತ್ತದೆ ಎಂಬ ನಂಬಿಕೆ ಆ ಪಂಕ್ತಿಯಲ್ಲಿ ಬೆಳೆಯಿತು.

ಘೋಡಗೇರಿಯ ಹುಡುಗ

ಹೆಸರು ಹೇಳಿಯೇ ನೋಡೋಣ. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಬಡತನದಿಂದ ಶಾಲೆ ಬಿಟ್ಟಿದ್ದರು. ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಅವರ ಓದಿನ ಖರ್ಚು ಹೊತ್ತರು. ಮುಂದೆ ಬೆಳಗಾವಿಯ ಲಿಂಗರಾಜ ಕಾಲೇಜು, ಆಮೇಲೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ., ಪಿಎಚ್.ಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾದರು. 2010ರ ಜ್ಞಾನಪೀಠ ಅವರಿಗೆ ಬಂತು.

ಈ ಕಥೆಯನ್ನು ‘ಛಲದಿಂದ ಮೇಲೆ ಬಂದರು’ ಎಂದು ಒಂದೇ ಸಾಲಿನಲ್ಲಿ ಮುಗಿಸಬಹುದು. ಹಾಗೆ ಮುಗಿಸಿದರೆ ನಡುವಿನ ಒಂದು ಸಂಗತಿ ಬಿಟ್ಟುಹೋಗುತ್ತದೆ. ಶಾಲೆ ಬಿಟ್ಟ ದಿನವೂ ಆ ಹುಡುಗನಲ್ಲಿ ಪ್ರತಿಭೆ ಇತ್ತು, ಓದಿನ ಆಸೆ ಇತ್ತು. ಆದರೂ ಶಾಲೆ ಬಿಟ್ಟಾಗಿತ್ತು. ಯಾರೋ ಒಬ್ಬರು ಖರ್ಚು ಹೊತ್ತ ಮೇಲೆ ಅದೇ ಆಸೆ ಡಿಗ್ರಿಯಾಯಿತು.

ಇನ್ನೊಂದು ಹೆಸರು ಡಿ.ಸಿ. ಪಾವಟೆ. ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದರು. ಧಾರವಾಡದ ಹೊಸ ಕಾಲೇಜಿನಲ್ಲಿ ಓದಿ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ಗಣಿತದಲ್ಲಿ ರ‍್ಯಾಂಗ್ಲರ್ ಆದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ, ಆಮೇಲೆ ಪಂಜಾಬಿನ ರಾಜ್ಯಪಾಲ. ಅವರು ಹದಿನೆಂಟು ವರ್ಷದವರಿದ್ದಾಗ ಧಾರವಾಡದಲ್ಲಿ ಕಾಲೇಜು ತೆರೆಯಿತು ಎಂಬುದನ್ನು ಲೆಕ್ಕ ಹಾಕಿ. ಹತ್ತು ವರ್ಷ ಮೊದಲು ಹುಟ್ಟಿದ್ದರೆ ಹತ್ತಿರದಲ್ಲಿ ಆ ಬಾಗಿಲೇ ಇರುತ್ತಿರಲಿಲ್ಲ.

ಮನಸ್ಸಿಗೂ ಅಂಕಕ್ಕೂ ನಂಟು ಎಷ್ಟು?

ಮನಸ್ಸು ಇದ್ದರೆ ಮಾರ್ಕ್ಸ್ ಬರುತ್ತದೆಯೇ ಎಂಬುದನ್ನು ಜಗತ್ತಿನ ಹಲವು ವಿಶ್ವವಿದ್ಯಾಲಯಗಳಲ್ಲಿ ಅಳೆದು ನೋಡಿದ್ದಾರೆ. 2012ರಲ್ಲಿ ಬ್ರಿಟನ್ನಿನ ಮೂವರು ಸಂಶೋಧಕರು ಅಲ್ಲಿಯವರೆಗಿನ 13 ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಒಟ್ಟು 241 ದತ್ತಾಂಶ ಗುಂಪುಗಳು. ನಂಟನ್ನು ಸೊನ್ನೆಯಿಂದ ಒಂದರ ಅಳತೆಯಲ್ಲಿ ಹೇಳುತ್ತಾರೆ. ಸೊನ್ನೆ ಎಂದರೆ ನಂಟೇ ಇಲ್ಲ, ಒಂದು ಎಂದರೆ ಪೂರ್ತಿ ನಂಟು.

ವಿಷಯದ ಮೇಲಿನ ಪ್ರೀತಿಗೂ ಅಂಕಕ್ಕೂ ಇದ್ದ ನಂಟು 0.17 ಮಾತ್ರ. ‘ಈ ಪರೀಕ್ಷೆಯಲ್ಲಿ ನಾನು ಇಷ್ಟು ಅಂಕ ತೆಗೆಯಬಲ್ಲೆ’ ಎಂಬ ನಂಬಿಕೆಗೂ ಅಂಕಕ್ಕೂ ಇದ್ದ ನಂಟು 0.59. ಅವರು ನೋಡಿದ 50 ಸಂಗತಿಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕಂಡದ್ದು ಈ ನಂಬಿಕೆ.

ಇಲ್ಲಿ ಒಂದು ಎಚ್ಚರ ಬೇಕು. ನಂಟು ಎಂದರೆ ಕಾರಣ ಅಲ್ಲ. ಹಿಂದಿನ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದವರಿಗೆ ನಂಬಿಕೆ ಹೆಚ್ಚುವುದು ಸಹಜ. ಅಂದರೆ ಇದು ಗಾಣದ ಎತ್ತಿನ ಹಾಗೆ ಸುತ್ತು ತಿರುಗುತ್ತದೆ. ಅಂಕ ನಂಬಿಕೆ ಕೊಡುತ್ತದೆ, ನಂಬಿಕೆ ಓದಿಸುತ್ತದೆ, ಓದು ಮತ್ತೆ ಅಂಕ ಕೊಡುತ್ತದೆ. ಸುತ್ತು ಉಲ್ಟಾ ತಿರುಗಿದರೂ ಹೀಗೆಯೇ. ಒಂದು ವಿಷಯ ಬ್ಯಾಕ್ ಉಳಿಯಿತು, ನಂಬಿಕೆ ಕುಸಿಯಿತು, ಪುಸ್ತಕ ಮುಚ್ಚಿತು, ಇನ್ನೆರಡು ಬ್ಯಾಕ್ ಉಳಿದವು. ನಮ್ಮ ಊರಿನಲ್ಲಿ ‘ಮನಸ್ಸಿಲ್ಲ’ ಎನ್ನುವುದು ಬಹಳ ಸಲ ಈ ಉಲ್ಟಾ ಸುತ್ತಿಗೆ. ಮೊದಲ ಸೆಮಿಸ್ಟರ್ ಯಾಕೆ ಅಷ್ಟು ಮುಖ್ಯ ಎಂಬುದೂ ಇದರಿಂದ ತಿಳಿಯುತ್ತದೆ.

ನೌಕರಿ ಆಸೆ ಕೆಟ್ಟದ್ದೇ?

‘ಈಗಿನವರು ನೌಕರಿಗಾಗಿ ಓದುತ್ತಾರೆ, ಹಿಂದಿನವರು ಜ್ಞಾನಕ್ಕಾಗಿ ಓದುತ್ತಿದ್ದರು’ ಎಂದು ಹಿರಿಯರು ಹೇಳುವುದುಂಟು. ಇತಿಹಾಸ ಇದನ್ನು ಒಪ್ಪುವುದಿಲ್ಲ. ಮುಂಬೈ ಪ್ರಾಂತದ ಕಾಲದಲ್ಲಿ ಮ್ಯಾಟ್ರಿಕ್ ಮುಗಿಸುವ ಹುಡುಗನ ಕಣ್ಣು ಮಾಮಲೇದಾರ ಕಚೇರಿಯ ಮೇಲೆ ಇರುತ್ತಿತ್ತು. ಶಾಹು ಮಹಾರಾಜರು 1902ರ ಜುಲೈ 26ರಂದು ಕೊಲ್ಹಾಪುರ ಸಂಸ್ಥಾನದ ಖಾಲಿ ಹುದ್ದೆಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಮೀಸಲಿಟ್ಟರು. ಓದಿದರೆ ಕೆಲಸ ಇದೆ ಎಂಬುದು ಕಂಡರೆ ಮಕ್ಕಳು ಬೋರ್ಡಿಂಗಿಗೆ ಬರುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ಇದಕ್ಕೂ ಒಂದು ಪ್ರಯೋಗ ನಡೆದಿದೆ. 1971ರಲ್ಲಿ ಅಮೆರಿಕದ ಎಡ್ವರ್ಡ್ ಡೆಸಿ ವಿದ್ಯಾರ್ಥಿಗಳಿಗೆ ತುಂಡು ಜೋಡಿಸುವ ಆಟ ಕೊಟ್ಟರು. ಒಂದು ಗುಂಪಿಗೆ ಜೋಡಿಸಿದ್ದಕ್ಕೆ ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಆ ಗುಂಪಿನವರಿಗೆ ಆಟದ ಮೇಲಿನ ಆಸಕ್ತಿಯೂ ಇಳಿಯಿತು. ಡೆಸಿ ಮತ್ತು ಅವರ ಜೊತೆಗಾರ ರಿಚರ್ಡ್ ರಯಾನ್ ಮುಂದೆ ಹೇಳಿದ್ದು ಇಷ್ಟು: ಹೊರಗಿನ ಕಾರಣಕ್ಕೆ ಓದುವುದೆಲ್ಲ ಒಂದೇ ಅಲ್ಲ. ಅಪ್ಪನ ಹೊಡೆತಕ್ಕೆ ಹೆದರಿ ಓದುವುದು ಒಂದು ತರಹ. ನೌಕರಿ ನನಗೂ ನನ್ನ ಮನೆಗೂ ಬೇಕು ಎಂದು ತಾನೇ ಒಪ್ಪಿಕೊಂಡು ಓದುವುದು ಇನ್ನೊಂದು ತರಹ. ಎರಡನೆಯದು ಬಾಳಿಕೆ ಬರುತ್ತದೆ.

ಹಾಗಾಗಿ ಟೀಚರ್ ಆಗಬೇಕು, ಪಿಎಸ್‌ಐ ಆಗಬೇಕು ಎಂದು ಡಿಗ್ರಿ ಮಾಡುವ ಹುಡುಗಿಯ ಆಸೆ ಕಡಿಮೆಯದಲ್ಲ. ಅದು ಅವಳದೇ ಆಸೆಯೇ ಎಂಬುದಷ್ಟೇ ಪ್ರಶ್ನೆ.

ಕಾಲೇಜು ಹತ್ತಿರ ಬಂತು, ಪಂಕ್ತಿ ದೂರವಾಯಿತು

1949ರ ಕಾಯಿದೆಯಿಂದ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿ ಮರು ವರ್ಷ ಧಾರವಾಡಕ್ಕೆ ಬಂತು. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿತು. ಧಾರವಾಡ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1982ರಲ್ಲಿ ಬೆಳಗಾವಿಗೆ ಬಂತು. 1998ರಲ್ಲಿ ಖಾನಾಪುರ ದಾರಿಯ ಮಚ್ಛೆಯ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ನಿಂತಿತು. 2010ರಲ್ಲಿ ಭೂತರಾಮನಹಟ್ಟಿಯ ಆ ಸ್ನಾತಕೋತ್ತರ ಕೇಂದ್ರವೇ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಾಯಿತು. ಖಾನಾಪುರದಲ್ಲೇ ಡಿಗ್ರಿ ಕಾಲೇಜುಗಳಾದವು. ಪುಣೆಗೆ ಹೋಗಬೇಕಿದ್ದ ಹುಡುಗನ ಮೊಮ್ಮಗಳು ಈಗ ಬಸ್ಸಿನಲ್ಲಿ ಹೋಗಿ ಬಂದು ಡಿಗ್ರಿ ಮಾಡುತ್ತಾಳೆ.

ಸರಕಾರದ ಆಸರೆಯೂ ಬೆಳೆಯಿತು. ಮಠಗಳು, ಸಮಾಜಗಳು ಮಾಡುತ್ತಿದ್ದ ಕೆಲಸವನ್ನು ಹಿಂದುಳಿದ ವರ್ಗಗಳ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳು ಹೊತ್ತವು. ಹಾಸ್ಟೆಲ್ ಸಿಗದವರಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ 2013-14ರಲ್ಲಿ ಬಂತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ. ‘ಬಸ್ಸಿನ ದುಡ್ಡು ಎಲ್ಲಿಂದ ತರೂಣು’ ಎಂದು ಮಗಳನ್ನು ಪಿಯುಸಿಗೇ ನಿಲ್ಲಿಸುವ ಮನೆಗೆ ಒಂದು ನೆಪ ಕಡಿಮೆಯಾಯಿತು.

ಇಷ್ಟಾದರೂ ಖಾನಾಪುರದ ವಿದ್ಯಾರ್ಥಿಯ ದಿನ ಹೇಗಿದೆ ನೋಡಿ. ಬೆಳಗಾವಿ 25 ಕಿಲೋಮೀಟರ್ ಆಸುಪಾಸು. ಆದರೆ ಜಾಂಬೋಟಿ, ಕಣಕುಂಬಿ, ಗುಂಜಿ ಕಡೆಯ ಹಳ್ಳಿಯಿಂದ ಲೆಕ್ಕ ಹಾಕಿದರೆ ಬೇರೆ ಮಾತು. ಭೀಮಗಡ ಅರಣ್ಯದೊಳಗಿನ ಊರುಗಳಿಗೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹೊರಗಿನ ದಾರಿಯೇ ಕಟ್. ಎಂ.ಎ. ಮಾಡಲು ಭೂತರಾಮನಹಟ್ಟಿಗೆ ಹೋಗಬೇಕಾದರೆ ಬೆಳಗಾವಿ ದಾಟಿ ಇನ್ನೊಂದು ಬಸ್ಸು. ಬೆಳಗ್ಗೆ ಕತ್ತಲಿರುವಾಗ ಮನೆ ಬಿಟ್ಟವರು ಸಂಜೆ ದೀಪ ಹಚ್ಚಿದ ಮೇಲೆ ಬಂದು ಸೇರುತ್ತಾರೆ.

ಮಾತಿನ ತೊಡಕು ಬೇರೆ. ನಮ್ಮ ತಾಲೂಕಿನಲ್ಲಿ ಒಂದೂರಿನ ಶಾಲೆ ಕನ್ನಡ, ಪಕ್ಕದೂರಿನ ಶಾಲೆ ಮರಾಠಿ. ಇಬ್ಬರೂ ಬಿ.ಕಾಂ., ಬಿ.ಎಸ್ಸಿ.ಗೆ ಬಂದಾಗ ಕೈಗೆ ಸಿಗುವುದು ಇಂಗ್ಲಿಷ್ ಪುಸ್ತಕ. ಹತ್ತನೆಯಲ್ಲಿ ನೂರಕ್ಕೆ ಎಂಬತ್ತು ತೆಗೆದ ಹುಡುಗಿಗೆ ಮೊದಲ ಸಲ ‘ನನಗೇನೂ ತಿಳಿಯೂದಿಲ್ಲ’ ಅನ್ನಿಸುವುದು ಇಲ್ಲಿ. ಅವಳ ಬುದ್ಧಿ ಒಂದೇ ವರ್ಷದಲ್ಲಿ ಕಡಿಮೆಯಾಗಿಲ್ಲ. ಪಾಠದ ಮಾತು ಬದಲಾಗಿದೆ.

ಇಲ್ಲಿ ನಮಗೆ ಕಾಣುವ ಒಂದು ಬದಲಾವಣೆ ಇದೆ. ಕಾಲೇಜು ಹತ್ತಿರ ಬಂದಂತೆ ದಿನಾ ಹೋಗಿ ಬರುವವರು ಹೆಚ್ಚಾದರು. ಅವರು ಕಾಲೇಜಿನಲ್ಲಿ ಇರುವುದು ಪಾಠದ ಹೊತ್ತು ಮಾತ್ರ. ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಕಣ್ಣು ಬಸ್ಸಿನ ಟೈಮಿನ ಮೇಲೆ. ಸೀನಿಯರ್ ಯಾರು, ಹಳೆಯ ಪ್ರಶ್ನೆಪತ್ರಿಕೆ ಯಾರ ಬಳಿ ಇದೆ, ಬ್ಯಾಕ್ ಉಳಿದದ್ದನ್ನು ಹೇಗೆ ಕಟ್ಟಿ ಪಾಸಾಗಬೇಕು ಎಂದು ಹೇಳುವವರು ಅವರ ಪಾಲಿಗೆ ಇಲ್ಲ. ಹಳೆಯ ಪಂಕ್ತಿಯಲ್ಲಿ ಉಣ್ಣುತ್ತಾ ಸಿಗುತ್ತಿದ್ದ ಮಾತು ಈಗ ಹುಡುಕಿದರೂ ಸಿಗದು. ಅನ್ನ ಮನೆಯಲ್ಲೇ ಇದೆ, ಪಂಕ್ತಿ ಇಲ್ಲ.

ಹಾಗಾದರೆ ಮನೆಯಲ್ಲಿ ಏನು ಕೇಳಬೇಕು?

ಪ್ರತಿ ವರ್ಷ ಘಟಿಕೋತ್ಸವದ ಮರುದಿನ ಪತ್ರಿಕೆಗಳಲ್ಲಿ ‘ಕೂಲಿಕಾರನ ಮಗಳಿಗೆ ಚಿನ್ನದ ಪದಕ’ ಎಂಬ ತಲೆಬರಹ ಬರುತ್ತದೆ. ಒಳ್ಳೆಯ ಸುದ್ದಿಯೇ. ಆದರೆ ಅವಳು ಯಾವ ಹಾಸ್ಟೆಲಿನಲ್ಲಿ ಇದ್ದಳು, ಯಾರು ಪುಸ್ತಕ ಕೊಟ್ಟರು, ಮನೆಯಲ್ಲಿ ಕೆಲಸ ಬಿಡಿಸಿ ಓದಲು ಕೂರಿಸಿದವರು ಯಾರು ಎಂಬುದು ಅದರಲ್ಲಿ ಇರುವುದಿಲ್ಲ. ಓದಿದವರು ಛಲ ಒಂದಿದ್ದರೆ ಸಾಕು ಎಂದುಕೊಳ್ಳುತ್ತಾರೆ. ತಮ್ಮ ಮಗ ನಪಾಸಾದಾಗ ಛಲ ಇಲ್ಲ ಎಂದು ಬೈಯುತ್ತಾರೆ.

ಪ್ರಯತ್ನ ಬೇಡ ಎಂದು ನಾವು ಹೇಳುತ್ತಿಲ್ಲ. ಪ್ರಸಾದ ನಿಲಯದಲ್ಲಿ ಉಂಡವರೆಲ್ಲ ವಿದ್ವಾಂಸರಾಗಲಿಲ್ಲ. ಓದಬೇಕಾದವರು ಓದಲೇಬೇಕು. ಆದರೆ ಓದುವ ಮನಸ್ಸನ್ನು ಬಿತ್ತಿದ ಬೀಜದ ಹಾಗೆ ನೋಡಬೇಕು. ಮೊಳಕೆ ಒಡೆಯದಿದ್ದರೆ ರೈತ ಮೊದಲು ನೆಲದ ಹಸಿ ನೋಡುತ್ತಾನೆ, ಬೀಜವನ್ನು ಬೈಯುತ್ತಾ ಕೂರುವುದಿಲ್ಲ.

ಬಂಡೂರಾ ಹೇಳಿದ ನಾಲ್ಕನ್ನೇ ಇಟ್ಟುಕೊಂಡು ಮೊದಲ ಸೆಮಿಸ್ಟರ್‌ನಲ್ಲಿ ಬ್ಯಾಕ್ ಉಳಿಸಿಕೊಂಡ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಕೇಳಬಹುದು.

ಎಲ್ಲ ವಿಷಯ ಒಮ್ಮೆಗೇ ಕಟ್ಟುವ ಬದಲು ಗೆಲ್ಲಬಹುದಾದ ಒಂದನ್ನು ಮೊದಲು ಗಟ್ಟಿಮಾಡಲು ಆಗುತ್ತದೆಯೇ? ಒಂದು ಪಾಸಾದರೆ ಉಳಿದದ್ದಕ್ಕೆ ಧೈರ್ಯ ಬರುತ್ತದೆ.

ಊರಿನಲ್ಲೋ ಪಕ್ಕದೂರಿನಲ್ಲೋ ಅದೇ ಡಿಗ್ರಿ ಮುಗಿಸಿದವರು ಯಾರಿದ್ದಾರೆ? ಅವರ ಬಳಿ ಒಂದು ಭಾನುವಾರ ಕಳಿಸಿ. ಹಳೆಯ ಪ್ರಶ್ನೆಪತ್ರಿಕೆ, ನೋಟ್ಸು ಅವರ ಟ್ರಂಕಿನಲ್ಲಿ ಇದ್ದೇ ಇರುತ್ತವೆ.

ಮನೆಯಲ್ಲಿ ಅವರಿಗೆ ಬೀಳುವ ಮಾತು ಯಾವುದು? ಬೈಗಳೋ, ‘ಆಗತೈತಿ, ಮಾಡು’ ಎಂಬುದೋ?

ರಾತ್ರಿ ಎಷ್ಟು ಹೊತ್ತಿಗೆ ಬಂದು, ಏನು ಉಂಡು, ಎಲ್ಲಿ ಕೂತು ಓದುತ್ತಾರೆ? ಹಾಸ್ಟೆಲ್, ವಿದ್ಯಾಸಿರಿ, ಸ್ಕಾಲರ್‌ಶಿಪ್ ಅರ್ಜಿ ಹಾಕಿದ್ದೀರಾ? ಕೊನೆಯ ದಿನಾಂಕ ಮುಗಿದ ಮೇಲೆ ಗೊತ್ತಾಗಿ ಏನೂ ಉಪಯೋಗ ಇಲ್ಲ. ಪ್ರವೇಶ ಆದ ವಾರವೇ ಕಾಲೇಜು ಕಚೇರಿಯಲ್ಲಿ ಕೇಳಿ.

ಇನ್ನು ಡಿಗ್ರಿ ಮುಗಿಸಿ ಊರಲ್ಲಿ ಇರುವವರಿಗೆ ಒಂದು ಮಾತು. ಗ್ರಂಥಾಲಯದ ಕೋಣೆಯೋ, ಸಮುದಾಯ ಭವನದ ಜಗಲಿಯೋ, ಗುಡಿಯ ಪಡಸಾಲೆಯೋ ಪ್ರತಿ ಊರಲ್ಲೂ ಇದೆ. ವಾರಕ್ಕೆ ಎರಡು ಸಂಜೆ ಅಲ್ಲಿ ನಾಲ್ಕು ಮಂದಿ ಡಿಗ್ರಿ ಹುಡುಗರು, ಹುಡುಗಿಯರು ಕೂತರೆ, ಜೊತೆಗೆ ಹಳಬರು ಒಬ್ಬರು ಬಂದರೆ, ಆ ಪಂಕ್ತಿ ಮತ್ತೆ ಶುರುವಾಗುತ್ತದೆ. 1916ರಲ್ಲಿ ಶಾಲೆ ತೆರೆದವರೂ ಮೊದಲು ಓದಿ ಮುಗಿಸಿದ ಹುಡುಗರೇ. ಕಿರಿಯರಿಗೆ ಹೇಳಿಕೊಡಲು ಅವರು ಊರು ಬಿಟ್ಟು ಹೋಗದೆ ಇಲ್ಲೇ ಉಳಿದರು.